ಮೂರು ಟನ್ ಸಾಕು, ಎತ್ತರ ಸಾಲದು: ತೀರ್ಥಹಳ್ಳಿ ಅಂಗಳದ ಒಂದು ಬೊಲೆರೊ ಪ್ರಕರಣ

ಜ್ಯಾಕಿನಿಂದ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಆರಿಸಿದ ಕಥೆ ಇದು. ಗಾಡಿ ಬೊಲೆರೊ. ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಳಗೆ, ಡಾಂಬರು ರಸ್ತೆ ಬಿಟ್ಟು ಮಣ್ಣಿನ ಏರು ಹತ್ತಿದ ಮೇಲೆ. ಮೇ ತಿಂಗಳ ಕೊನೆ. ಒಂದೆರಡು ಮಳೆ ಬಿದ್ದಾಗಿತ್ತು, ಮುಂಗಾರು ಇನ್ನೂ ಹಿಡಿದಿರಲಿಲ್ಲ. ತೋಟಕ್ಕೆ ಗೊಬ್ಬರ ಹೇರಿಕೊಂಡು ಬಂದ ಗಾಡಿಯನ್ನು ಅಂಗಳದಲ್ಲಿ ಹಿಂದಕ್ಕೆ ತಿರುಗಿಸುವಾಗ ಹಿಂದಿನ ಎಡ ಚಕ್ರ ಚರಂಡಿಗೆ ಇಳಿಯಿತು. ದೊಡ್ಡ ಸದ್ದು ಬಂತು. ಇಳಿದು ನೋಡಿದರೆ ಆ ಬದಿಯ ಕಮಾನಿನ (ಪ್ಲೇಟುಗಳನ್ನು ಪೇರಿಸಿ ಮಾಡಿದ ಲೀಫ್ ಸ್ಪ್ರಿಂಗಿನ) ಮೈನ್ ಪ್ಲೇಟ್, ಅಂದರೆ ಎಲ್ಲಕ್ಕಿಂತ ಉದ್ದನೆಯ ಪ್ಲೇಟು, ತುಂಡಾಗಿತ್ತು.

ತುಂಡಾದ ಜಾಗ ಯಾವುದು ಅನ್ನುವುದು ಇಲ್ಲಿ ಮುಖ್ಯ. ಪ್ಲೇಟು ಮುರಿದದ್ದು ಆಕ್ಸಲ್‌ಗೂ ಮುಂದಿನ ಕಣ್ಣಿಗೂ (ಪ್ಲೇಟಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಬಳೆ) ನಡುವೆ. ಕಮಾನು ಬರೀ ಭಾರ ಹೊರುವುದಿಲ್ಲ, ಹಿಂದಿನ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ. ಮೈನ್ ಪ್ಲೇಟಿನ ಮುಂದಿನ ಅರ್ಧ ಹೋದರೆ ಆ ಬದಿಯ ಆಕ್ಸಲ್ ಹಿಂದಕ್ಕೂ ಮುಂದಕ್ಕೂ ಸರಿಯತೊಡಗುತ್ತದೆ, ಗಾಡಿ ಅಡ್ಡ ಎಳೆಯುತ್ತದೆ. ಅಂಥ ಗಾಡಿಯನ್ನು ಒದ್ದೆ ಮಣ್ಣಿನ ಇಳುಕಲಿನಲ್ಲಿ ಇಳಿಸಿ ಪೇಟೆಗೆ ಒಯ್ಯುವ ಮಾತೇ ಇಲ್ಲ. ಇತ್ತ ಜೂನ್ ಬಂದರೆ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯುವ ಕಾಲ. ಮೈಲುತುತ್ತ, ಸುಣ್ಣ, ಪಂಪು, ಆಳು ಎಲ್ಲಕ್ಕೂ ಇದೇ ಗಾಡಿ ಬೇಕು.

ತೀರ್ಥಹಳ್ಳಿಯ ಮೆಕ್ಯಾನಿಕ್ ಮನೆಗೇ ಬರಲು ಒಪ್ಪಿದರು. ಒಂದು ಷರತ್ತು ಹಾಕಿದರು: ಕಮಾನು, ಯು ಬೋಲ್ಟು, ಬುಶ್ ಅವರು ತರುತ್ತಾರೆ. ಗಾಡಿಯ ಹಿಂಭಾಗವನ್ನು ಎತ್ತಿ ಭದ್ರವಾಗಿ ನಿಲ್ಲಿಸುವ ವ್ಯವಸ್ಥೆ ಮನೆಯವರದ್ದು. ಅವರ ಗ್ಯಾರೇಜಿನ ಸ್ಟ್ಯಾಂಡುಗಳ ಮೇಲೆ ಆಗಲೇ ಬೇರೆ ಗಾಡಿಗಳು ಕೂತಿದ್ದವು. ಹಾಗಾಗಿ ಯಜಮಾನರ ಮಗ ಶಿವಮೊಗ್ಗದಿಂದ ನನಗೆ ಫೋನ್ ಮಾಡಿದರು. ಹಳೇ ಜೀಪುಗಳ ಅಡಿಯಲ್ಲಿ ಮಲಗುವುದು ನನ್ನ ಭಾನುವಾರದ ಹವ್ಯಾಸ ಅಂತ ಅವರಿಗೆ ಗೊತ್ತು. "ಬೊಲೆರೊಗೆ ಎಷ್ಟು ಟನ್ ಸ್ಟ್ಯಾಂಡ್ ತಗೋಬೇಕು?" ಎಂದು ಕೇಳಿದರು. ಹೆಚ್ಚಿನವರು ಶುರು ಮಾಡುವುದೇ ಈ ಪ್ರಶ್ನೆಯಿಂದ. ಕೊನೆಗೆ ಈ ಪ್ರಕರಣದಲ್ಲಿ ಅತಿ ಕಡಿಮೆ ಲೆಕ್ಕಕ್ಕೆ ಬಂದದ್ದೂ ಟನ್ನೇ.

ಅಂಗಳದಲ್ಲಿ ಆಗಲೇ ನಡೆದಿದ್ದು

ನಾನು ಹೋಗುವ ಮುಂಚೆ ಮನೆಯವರು ಸುಮ್ನೆ ಕೂತಿರಲಿಲ್ಲ. ಗೊಬ್ಬರ ಇಳಿಸಿ, ಗಾಡಿಯನ್ನು ನಿಧಾನವಾಗಿ ಚರಂಡಿಯಿಂದ ಮೇಲೆ ತಂದು, ಗಾಡಿ ಜೊತೆ ಬಂದ ಜ್ಯಾಕಿನಿಂದ ಎಡಬದಿ ಎತ್ತಿದ್ದರು. ಚಾಸಿಸ್ ಕೆಳಗೆ ಜಂಬಿಟ್ಟಿಗೆ ಕಲ್ಲು ಪೇರಿಸಿ ಭಾರ ಬಿಟ್ಟಿದ್ದರು. ಕಾಂಪೌಂಡು ಕಟ್ಟಿ ಉಳಿದ ಕಲ್ಲುಗಳು, ನೋಡಲು ದಿಮ್ಮಿಯಂತಿದ್ದವು. ಸ್ವಲ್ಪ ಹೊತ್ತಿಗೆ ಮೇಲಿನ ಕಲ್ಲು ಮಧ್ಯಕ್ಕೆ ಸೀಳಿತು. ಗಾಡಿ ಒಂದು ಕಡೆ ವಾಲಿ ಕೂತಿತು. ಅಡಿಯಲ್ಲಿ ಯಾರೂ ಇರಲಿಲ್ಲ. ಜೊತೆಗೆ ಮೆಕ್ಯಾನಿಕ್ ಹೇಳಿದ್ದರೆಂದು ಸ್ಟೆಪ್ನಿ ಚಕ್ರವನ್ನು ಚಾಸಿಸ್ ಕೆಳಗೆ ಮಲಗಿಸಿದ್ದರು. ಗಾಡಿ ಅದರ ಮೇಲೆ ಬಂದು ನಿಂತಿತು.

ಜಂಬಿಟ್ಟಿಗೆಯಲ್ಲಿ ನೂರಾರು ವರ್ಷದ ಮನೆಗಳು ನಿಂತಿವೆ, ಗಾಡಿ ಯಾಕೆ ನಿಲ್ಲಲಿಲ್ಲ ಅಂತ ಯಜಮಾನರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗೋಡೆಯಲ್ಲಿ ಕಲ್ಲಿನ ಇಡೀ ಮೈ ಮೇಲೆ ಗಾರೆಯ ಮೂಲಕ ಭಾರ ಸಮನಾಗಿ ಹರಡುತ್ತದೆ. ಚಾಸಿಸ್ಸಿನದ್ದು ಕಬ್ಬಿಣದ ಅಂಚು. ಕಲ್ಲಿಗೆ ತಾಗುವ ಜಾಗ ಎರಡು ಬೆರಳಗಲವೂ ಇರಲಿಕ್ಕಿಲ್ಲ. ಕಟ್ಟಡದ ಜಂಬಿಟ್ಟಿಗೆಗೆ ಭಾರತೀಯ ಮಾನಕ ಐಎಸ್ 3620 ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ನಮ್ಮ ಲೆಕ್ಕದಲ್ಲಿ ಚದರ ಸೆಂ.ಮೀ.ಗೆ ಸುಮಾರು 35 ಕೆ.ಜಿ. ಖಾಲಿ ಬೊಲೆರೊ 1,600 ಕೆ.ಜಿ. ಆಸುಪಾಸು ತೂಗುತ್ತದೆ. ಹಿಂಭಾಗದ ಪಾಲು ಸುಮಾರು 700. ಒಂದು ಬದಿಗೆ 350 ಅಂತ ಇಟ್ಟುಕೊಳ್ಳಿ. ಆ 350 ಕೆ.ಜಿ. ಐದು ಚದರ ಸೆಂ.ಮೀ. ಜಾಗದ ಮೇಲೆ ಕೂತರೆ ಒತ್ತಡ ಚದರ ಸೆಂ.ಮೀ.ಗೆ 70 ಕೆ.ಜಿ. ಕಲ್ಲಿನ ತಾಕತ್ತಿನ ಎರಡು ಪಟ್ಟು. ಅದರ ಮೇಲೆ ಜಂಬಿಟ್ಟಿಗೆ ತೂತು ತೂತು, ನೀರು ಕುಡಿಯುತ್ತದೆ. ನೆನೆದ ಕಲ್ಲು ಒಣಗಿದ ಕಲ್ಲಿಗಿಂತ ಮೆತ್ತಗೆ. ಎರಡು ಮಳೆ ಬೇರೆ ಬಿದ್ದಿತ್ತು.

ಪಕ್ಕದಲ್ಲೇ ಸಿಮೆಂಟಿನ ಹಾಲೋ ಬ್ಲಾಕುಗಳೂ ಇದ್ದವು. ಅವುಗಳದ್ದು ಇನ್ನೂ ಕೆಟ್ಟ ಗುಣ. ಜಂಬಿಟ್ಟಿಗೆ ಬಿರುಕು ಬಿಡುವಾಗ ಪುಡಿ ಉದುರಿಸಿ ಒಂದು ಸೂಚನೆಯಾದರೂ ಕೊಡುತ್ತದೆ. ಹಾಲೋ ಬ್ಲಾಕು ಒಂದೇ ಏಟಿಗೆ ಪುಡಿಯಾಗುತ್ತದೆ. ಅಡಿಕೆ ಮರದ ತುಂಡು ಅಂತ ಯಾರೋ ಅಂದರು. ಅದರ ಹೊರಗಿನ ಸುತ್ತು ಮಾತ್ರ ಗಟ್ಟಿ, ಒಳಗೆ ಬರೀ ನಾರು. ದಬ್ಬೆ ಸೀಳಲು ಅನುಕೂಲವಾಗುವ ಗುಣವೇ ಭಾರ ಹೊರುವಾಗ ಶತ್ರು.

ಮರವೇ ಬೇಡ ಅಂತ ನಾನು ಹೇಳುವುದಿಲ್ಲ. ಹೊನ್ನೆ, ಮತ್ತಿಯಂಥ ಗಟ್ಟಿ ಮರದ ಚೌಕ ತುಂಡುಗಳನ್ನು ಎರಡೆರಡಾಗಿ ಅಡ್ಡಡ್ಡ ಪೇರಿಸಿ, ಬುಡ ಅಗಲ ಇಟ್ಟು ಕಟ್ಟಿದ ಅಟ್ಟಿ ಒಳ್ಳೆಯ ಸ್ಟ್ಯಾಂಡಿಗಿಂತ ಕಡಿಮೆಯೇನಲ್ಲ. ಭಾರವಾದ ಯಂತ್ರಗಳನ್ನು ಹಾಗೇ ಕೂರಿಸುತ್ತಾರೆ. ಆದರೆ ಅದಕ್ಕೆ ಒಂದೇ ಅಳತೆಯ, ಚೌಕ ಮಾಡಿದ, ಸೀಳಿಲ್ಲದ ತುಂಡುಗಳು ಬೇಕು. ಈ ಮನೆಯಲ್ಲಿದ್ದದ್ದು ಸೌದೆಯ ಗುಂಡು ತುಂಡುಗಳು. ನೆಟ್ಟಗೆ ನಿಲ್ಲಿಸಿದ ಗುಂಡು ತುಂಡು ಎಳೆಯ ಉದ್ದಕ್ಕೆ ಸೀಳುತ್ತದೆ, ಮಲಗಿಸಿದರೆ ಉರುಳುತ್ತದೆ.

ಅಳತೆ ಪಟ್ಟಿ ಹೇಳಿದ್ದು

ಅಂಗಡಿಗೆ ಹೋಗುವ ಮುಂಚೆ ಅಳೆಯೋಣ ಅಂದೆ. ಈ ಪ್ರಕರಣದ ತಿರುಳು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಟ್ಯಾಂಡ್ ಎಲ್ಲಿ ಇಡುತ್ತೀರಿ ಅನ್ನುವುದನ್ನು ಮಾಡುವ ಕೆಲಸ ತೀರ್ಮಾನಿಸುತ್ತದೆ. ಬ್ರೇಕ್ ಲೈನರ್ ಬದಲಿಸುವುದಾದರೆ, ಕ್ರೌನ್ ಆಯಿಲ್ (ಹಿಂದಿನ ಆಕ್ಸಲ್ ಒಳಗಿನ ಎಣ್ಣೆ) ಬದಲಿಸುವುದಾದರೆ ಸ್ಟ್ಯಾಂಡನ್ನು ಆಕ್ಸಲ್ ಕೊಳವೆಯ ಕೆಳಗೇ ಇಡಬಹುದು. ಬೊಲೆರೊದಲ್ಲಿ ಅದು ಅಷ್ಟು ಎತ್ತರದಲ್ಲಿಲ್ಲ. ಚಕ್ರ ನೆಲ ಬಿಡುವಷ್ಟು ಎತ್ತಿದರೂ ಸಾಮಾನ್ಯ 3 ಟನ್ ಸ್ಟ್ಯಾಂಡ್ ತಲುಪುತ್ತದೆ. ಆದರೆ ಕಮಾನು ಬಿಚ್ಚುವಾಗ ಆಕ್ಸಲ್ ಮೇಲೆ ಭಾರ ಬಿಡುವಂತಿಲ್ಲ. ಆಕ್ಸಲ್‌ಗೂ ಚಾಸಿಸ್‌ಗೂ ನಡುವಿನ ಸಂಬಂಧವನ್ನೇ ಕಳಚುತ್ತಿದ್ದೀರಿ, ಅಲ್ವಾ? ಗಾಡಿ ಚಾಸಿಸ್ ಮೇಲೆ ನಿಲ್ಲಬೇಕು, ಆಕ್ಸಲ್ ಕೆಳಗೆ ನೇತಾಡಬೇಕು, ಅದನ್ನು ಬೇರೆ ಜ್ಯಾಕಿನಿಂದ ಮೇಲೆ ಕೆಳಗೆ ಆಡಿಸಲು ಬರಬೇಕು.

ಆ ಗಾಡಿಯಲ್ಲಿ ಬಲಗಡೆ, ಅಂದರೆ ಕಮಾನು ಸರಿಯಿದ್ದ ಬದಿಯಲ್ಲಿ, ಹಿಂದಿನ ಚಕ್ರದ ಮುಂದೆ ಚಾಸಿಸ್ ತಳ ನೆಲದಿಂದ 43 ಸೆಂ.ಮೀ. ಇತ್ತು. ಚಾಸಿಸ್ ಎತ್ತಿದಾಗ ಚಕ್ರ ತಕ್ಷಣ ನೆಲ ಬಿಡುವುದಿಲ್ಲ. ಕಮಾನು ಸಡಿಲವಾಗುತ್ತಾ ಆಕ್ಸಲ್ ಕೆಳಗಿಳಿಯುತ್ತದೆ. ಅದಕ್ಕೆ ಸುಮಾರು 9 ಸೆಂ.ಮೀ. ಬೇಕಾಯಿತು. ಚಕ್ರ ತೆಗೆದು ಹಾಕಲು ಇನ್ನೆರಡು ಸೆಂ.ಮೀ. ಒಟ್ಟು 54. ಸ್ಟ್ಯಾಂಡಿನ ತಲೆ ನೆಲದಿಂದ 54 ಸೆಂ.ಮೀ. ಎತ್ತರದಲ್ಲಿ ನಿಲ್ಲಬೇಕು.

ಅಂಗಡಿಗಳಲ್ಲಿ ಸಿಗುವ 2 ಟನ್, 3 ಟನ್ ಸ್ಟ್ಯಾಂಡುಗಳು ಸಾಮಾನ್ಯವಾಗಿ 28ರಿಂದ 43 ಸೆಂ.ಮೀ. ಒಳಗೆ ಮುಗಿಯುತ್ತವೆ. 6 ಟನ್ನಿನದ್ದು ಸುಮಾರು 39ರಿಂದ 60ರವರೆಗೆ ಏರುತ್ತದೆ. ಅಂದರೆ ಒಂದು ಬದಿಗೆ 350 ಕೆ.ಜಿ. ಭಾರ ಇರುವ ಕೆಲಸಕ್ಕೆ 6 ಟನ್ನಿನ ಸ್ಟ್ಯಾಂಡ್! ಯಜಮಾನರು ನಕ್ಕರು. ಭಾರಕ್ಕಾಗಿ ಅಲ್ಲ, ಕಾಲಿನ ಉದ್ದಕ್ಕಾಗಿ ಅಂದೆ. ಎತ್ತರ ಜಾಸ್ತಿಯಾದಂತೆ ತಯಾರಕರು ಬುಡವನ್ನೂ ಅಗಲ ಮಾಡುತ್ತಾರೆ, ಕಬ್ಬಿಣವನ್ನೂ ದಪ್ಪ ಮಾಡುತ್ತಾರೆ, ಪೆಟ್ಟಿಗೆ ಮೇಲಿನ ಟನ್ ತಾನಾಗಿ ಏರುತ್ತದೆ.

ಮಲೆನಾಡಿನಲ್ಲಿ ಇಂಥ ಗಾಡಿಗಳು ಬಹಳ. ಜೀಪು, ಪಿಕಪ್, ಬೊಲೆರೊ. ಎಲ್ಲಕ್ಕೂ ಎತ್ತರದ ಚಾಸಿಸ್, ಹಿಂದೆ ಕಮಾನು. ಸ್ಟ್ಯಾಂಡ್ ಕೊಳ್ಳುವ ಸಲಹೆಗಳೆಲ್ಲ ಬರುವುದು ಸಿಟಿ ಕಾರಿನ ಲೆಕ್ಕದಲ್ಲಿ.

ಸಾಗರ ರಸ್ತೆಯ ಅಂಗಡಿಗಳಲ್ಲಿ

ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದೆವು. ಮೊದಲ ಅಂಗಡಿಯವರು ಬೊಲೆರೊ ಅಂದ ಕೂಡಲೇ 3 ಟನ್ನಿನ ಜೋಡಿ ತೆಗೆದಿಟ್ಟರು. ಬೊಲೆರೊಗೆ ಇದು ಧಾರಾಳ ಆಯ್ತು ಅಂದರು. ಭಾರದ ಲೆಕ್ಕದಲ್ಲಿ ಅವರ ಮಾತು ಸರಿ. 54 ಸೆಂ.ಮೀ. ಬೇಕು ಅಂದಾಗ, ಮೇಲೊಂದು ಮರದ ತುಂಡು ಇಟ್ಟುಕೊಳ್ಳಿ, ಎಲ್ಲರೂ ಹಾಗೇ ಮಾಡುತ್ತಾರೆ ಅಂದರು. ಎಲ್ಲರೂ ಮಾಡುವುದೂ ನಿಜ.

ಆ ತುಂಡು ಏನು ಮಾಡುತ್ತದೆ ನೋಡಿ. 3 ಟನ್ ಸ್ಟ್ಯಾಂಡಿನ ಬುಡವನ್ನು ಅಲ್ಲೇ ಅಳೆದೆವು, ಅಗಲ ಸುಮಾರು 20 ಸೆಂ.ಮೀ. ಮಧ್ಯದಿಂದ ಅಂಚಿಗೆ 10. ತುಂಡು ಸೇರಿ ಎತ್ತರ 54. ಹಾಗಾದರೆ ಮೇಲಿನ ಭಾರದ ಐದನೇ ಒಂದು ಭಾಗಕ್ಕಿಂತ ಕಡಿಮೆ ಬಲವನ್ನು ಅಡ್ಡಕ್ಕೆ ಕೊಟ್ಟರೆ ಸ್ಟ್ಯಾಂಡ್ ಮಗುಚಲು ಶುರುವಾಗುತ್ತದೆ. 350 ಕೆ.ಜಿ. ಭಾರಕ್ಕೆ ಅದು 65 ಕೆ.ಜಿ. ಆಸುಪಾಸು. ತುಕ್ಕು ಹಿಡಿದ ಶಾಕಲ್ ಪಿನ್ನಿಗೆ (ಕಮಾನಿನ ಹಿಂತುದಿಯನ್ನು ಚಾಸಿಸ್ ಕಡೆಗೆ ಜೋಡಿಸುವ ಪಿನ್ನು) ಉದ್ದನೆಯ ಪಾನಾ ಹಾಕಿ ಒಬ್ಬ ಆಳು ಮೈಭಾರ ಬಿಟ್ಟು ಎಳೆದರೆ ಅಷ್ಟು ಬಂದೇ ಬರುತ್ತದೆ. ಎರಡು ಸ್ಟ್ಯಾಂಡ್ ಒಟ್ಟಿಗೆ ಇರುವುದರಿಂದ ಸ್ವಲ್ಪ ಬಚಾವು, ಅಷ್ಟೇ. ಮಗುಚುವುದಕ್ಕೂ ಮುಂಚೆ ಮರದ ತುಂಡೇ ತಲೆಯಿಂದ ಜಾರುತ್ತದೆ ಅನ್ನುವುದು ಬೇರೆ ಮಾತು. ಎಣ್ಣೆ ಮೆತ್ತಿದ ಚಾಸಿಸ್, ಕಬ್ಬಿಣದ ತಲೆ, ನಡುವೆ ಸಡಿಲ ಮರ. 6 ಟನ್ನಿನದ್ದರ ಬುಡ 28 ಸೆಂ.ಮೀ. ಇತ್ತು. 50 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿದರೆ ಭಾರದ ಕಾಲು ಭಾಗಕ್ಕಿಂತ ಜಾಸ್ತಿ ಅಡ್ಡಬಲ ತಡೆಯುತ್ತದೆ. ಐವತ್ತೇ ಯಾಕೆ ಅನ್ನುವುದು ನೆಲದ ವಿಷಯ ಬಂದಾಗ ಹೇಳುತ್ತೇನೆ.

ಪೆಟ್ಟಿಗೆ ಮೇಲಿನ ಬರಹದ ಬಗ್ಗೆಯೂ ಒಂದು ಮಾತು. 3 ಟನ್ ಅಂದರೆ ಒಂದಕ್ಕಾ, ಜೋಡಿಗಾ? ಕೆಲವು ತಯಾರಕರು ಒಂದಕ್ಕೆ ಅಂತ ಬರೆಯುತ್ತಾರೆ, ಕೆಲವರು ಜೋಡಿಗೆ. ಜೋಡಿಗೆ 3 ಟನ್ ಆದರೆ ಒಂದಕ್ಕೆ ಒಂದೂವರೆ. ನಾವು ನೋಡಿದ ಒಂದು ಪೆಟ್ಟಿಗೆಯಲ್ಲಿ ಎರಡೂ ಸ್ಪಷ್ಟವಾಗಿರಲಿಲ್ಲ. ಅಂಥದ್ದನ್ನು ಜೋಡಿಗೆ ಅಂತಲೇ ಓದಿಕೊಳ್ಳುವುದು ಒಳ್ಳೆಯದು. ಸ್ಟ್ಯಾಂಡಿನ ಮೈಮೇಲೆ ಭಾರದ ಮಿತಿಯೇ ಬರೆದಿಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಪೆಟ್ಟಿಗೆ ಒಲೆಗೆ ಹೋಗುತ್ತದೆ, ಸ್ಟ್ಯಾಂಡ್ ಇಪ್ಪತ್ತು ವರ್ಷ ಇರುತ್ತದೆ.

ವೆಲ್ಡರ್ ಮಾಡಿಕೊಟ್ಟ ಸ್ಟ್ಯಾಂಡ್

ಮನೆಯವರಿಗೆ ಇನ್ನೊಂದು ದಾರಿಯೂ ಇತ್ತು. ಊರಿನ ವೆಲ್ಡರ್ ಹತ್ತಿರ ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ಮಾಡಿಸಬಹುದು, ದುಡ್ಡೂ ಕಡಿಮೆ. ಪರಿಚಯದ ಒಬ್ಬರ ಮನೆಯಲ್ಲಿ ಅಂಥ ಜೋಡಿ ಇತ್ತು, ತಂದು ನೋಡಿದೆವು. ಒಂದರೊಳಗೊಂದು ಕೂರುವ ಎರಡು ಜಿಐ ಪೈಪು, ಅಡ್ಡ ತೂತು, ತೂತಿಗೊಂದು ಬೋಲ್ಟು. ಮೂರು ಕಡೆ ಸರಳಿನ ಕಾಲು.

ಯೋಚನೆ ತಪ್ಪಲ್ಲ. ಪಿನ್ ಹಾಕುವ ಸ್ಟ್ಯಾಂಡ್ ತುಂಬಾ ನೇರವಾದ ವಸ್ತು. ಪಿನ್ ಒಳಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಹಲ್ಲು ಕಚ್ಚಿದೆಯಾ ಅಂತ ಊಹಿಸಬೇಕಿಲ್ಲ. 16 ಮಿ.ಮೀ. ಸಾದಾ ಉಕ್ಕಿನ ಪಿನ್ನು ಎರಡೂ ಬದಿ ಹಿಡಿದುಕೊಂಡಿದ್ದರೆ, ತುಂಡಾಗಲು ಲೆಕ್ಕದ ಪ್ರಕಾರ 5 ಟನ್ನಿಗೂ ಜಾಸ್ತಿ ಬೇಕು. 10 ಮಿ.ಮೀ. ಆದರೆ 2 ಟನ್ ಆಸುಪಾಸು. ಎಲ್ಲರೂ ಪಿನ್ನನ್ನೇ ನೋಡುತ್ತಾರೆ. ಮೊದಲು ಸೋಲುವುದು ಪೈಪಿನ ತೂತು. 3 ಮಿ.ಮೀ. ದಪ್ಪದ ಪೈಪಿನಲ್ಲಿ 10 ಮಿ.ಮೀ. ಬೋಲ್ಟಿಗೆ ಕೂರಲು ಸಿಗುವ ಅಂಚು ಬಹಳ ಕಡಿಮೆ. ಒಂದೂವರೆ ಟನ್ನಿಗೇ ತೂತು ಮೊಟ್ಟೆಯಾಗತೊಡಗುತ್ತದೆ. ಆ ಜೋಡಿಯಲ್ಲಿ ಒಂದು ತೂತು ಆಗಲೇ ಉದ್ದವಾಗಿತ್ತು. ಮಾಲೀಕರು ಗಮನಿಸಿರಲಿಲ್ಲ. ಬೋಲ್ಟಿನ ಮರೆ (ಥ್ರೆಡ್) ಇದ್ದ ಭಾಗವೇ ತೂತಿನೊಳಗೆ ಕೂತಿತ್ತು, ಅದೂ ತಪ್ಪು. ಮರೆಯಿರುವಲ್ಲಿ ಬೋಲ್ಟು ಸಣ್ಣ, ಅಲ್ಲಿಂದಲೇ ತುಂಡಾಗುವುದು.

ವೆಲ್ಡಿಂಗ್ ಇನ್ನೂ ಬೇಸರದ ಕಥೆ. ಜಿಐ ಪೈಪಿನ ಮೇಲಿನ ಸತುವಿನ ಲೇಪ ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಸತು ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಕೂರುತ್ತದೆ. ಮೇಲೆ ಬೆಳ್ಳಿ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ಇಲ್ಲಿ ಬಣ್ಣ ಕೆರೆದಾಗ ಸೂಜಿ ತೂತುಗಳು ಕಂಡವು. ಕಾಲುಗಳ ಬುಡವನ್ನು ಒಂದಕ್ಕೊಂದು ಕಟ್ಟುವ ಪಟ್ಟಿಯೂ ಇರಲಿಲ್ಲ, ಭಾರ ಬಿದ್ದರೆ ಕಾಲು ಹೊರಗೆ ಅಗಲಿಸುತ್ತದೆ. ಒಳ್ಳೆಯ ವೆಲ್ಡರ್, ದಪ್ಪ ಎಂಎಸ್ (ಸಾದಾ ಉಕ್ಕಿನ) ಪೈಪು, ಕಾಲುಗಳಿಗೆ ಸುತ್ತುಪಟ್ಟಿ, 16 ಮಿ.ಮೀ. ಪಿನ್ನು ಇದ್ದಿದ್ದರೆ ನನಗೆ ತಕರಾರಿರಲಿಲ್ಲ. ಆದರೆ ಅದನ್ನು ಕೂತು ಮಾಡಿಸುವಷ್ಟು ಪುರುಸೊತ್ತು ಮಳೆ ಕೊಡುವಂತಿರಲಿಲ್ಲ.

ಹಲ್ಲು ಮತ್ತು ಕೊಕ್ಕೆ

ಉಳಿದದ್ದು ಅಂಗಡಿಯ 6 ಟನ್ ರ‍್ಯಾಚೆಟ್ ಜೋಡಿ. ಮೇಲೇರುವ ಕಂಬಕ್ಕೆ ಹಲ್ಲು, ಒಳಗೊಂದು ಕೊಕ್ಕೆ, ಹೊರಗೆ ಹಿಡಿಕೆ. ಹಿಡಿಕೆ ಕೆಳಗಿದ್ದರೆ ಕೊಕ್ಕೆ ಹಲ್ಲಿಗೆ ಕಚ್ಚಿದೆ ಅಂತ ಅರ್ಥ. ಭಾರ ಬಿದ್ದಷ್ಟೂ ಹಿಡಿತ ಬಿಗಿಯಾಗುತ್ತದೆ. ಹಾಗಿದ್ದರೂ ಈ ಬಗೆಯಲ್ಲಿ ಒಂದು ಅಪಾಯ ಇದೆ. ಕೊಕ್ಕೆಯ ತುದಿ ಹಲ್ಲಿನ ನೆತ್ತಿಯ ಮೇಲೆ ಅರ್ಧಂಬರ್ಧ ಕೂತುಬಿಡಬಹುದು. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುತ್ತದೆ.

ಇದು ಊಹೆಯ ಮಾತಲ್ಲ. 2020ರ ಮಾರ್ಚ್‌ನಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ್ದ 3 ಟನ್ ಮತ್ತು 6 ಟನ್ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತು. ತಯಾರಿಸುವ ಕಾರ್ಖಾನೆಯ ಉಪಕರಣಗಳು ಹಳತಾಗಿ ಹಲ್ಲುಗಳು ಒಂದೇ ಸಮ ಬರುತ್ತಿರಲಿಲ್ಲ, ಕೊಕ್ಕೆ ಸಾಕಷ್ಟು ಆಳಕ್ಕೆ ಕಚ್ಚುತ್ತಿರಲಿಲ್ಲ. ಭಾರ ಅಲುಗಿದರೆ ಸ್ಟ್ಯಾಂಡ್ ದಿಢೀರನೆ ಕುಸಿಯುವ ಸಾಧ್ಯತೆ ಇತ್ತು. ಅದೇ ವರ್ಷ, ಬದಲಿಗೆ ಮಾರಿದ ಒಂದು 3 ಟನ್ ಮಾದರಿಯಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಸಿಕ್ಕಿ ಅದನ್ನೂ ಹಿಂದಕ್ಕೆ ಕರೆಸಬೇಕಾಯಿತು. ಆರು ಟನ್ ಅಂತ ಬರೆದ ಸ್ಟ್ಯಾಂಡೂ ಆ ಪಟ್ಟಿಯಲ್ಲಿತ್ತು ಅನ್ನುವುದನ್ನು ನೆನಪಿಡಿ.

ಹಾಗಾಗಿ ಹಲ್ಲಿನ ಜೊತೆಗೆ ಅಡ್ಡಪಿನ್ನೂ ಇರುವ ಮಾದರಿಯನ್ನೇ ಹುಡುಕಿದೆವು. ಕೊಕ್ಕೆ ಸೋತರೂ ಪಿನ್ನು ಹಿಡಿಯುತ್ತದೆ. ಸಿಕ್ಕಿತು. ಯಜಮಾನರ ತಂಗಿಯ ಮಗ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ, ಅವನನ್ನೂ ಕರೆಸಿದ್ದೆವು. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ತೆಗೆದ ಜಿಲ್ಲೆ ಇದು. ಎರಕದ ಗುಣ ನೋಡಿ ಹೇಳಬಲ್ಲವರು ಮನೆಗೊಬ್ಬರು ಸಿಗುತ್ತಾರೆ, ಕೇಳುವವರು ಕಡಿಮೆ. ಅವನು ಕಂಬವನ್ನು ಪೂರ್ತಿ ಹೊರಗೆಳೆದು ಹಲ್ಲುಗಳ ಮೇಲೆ ಬೆರಳು ಆಡಿಸಿದ. ಒಂದು ಕಂಬದಲ್ಲಿ ಎರಡು ಹಲ್ಲುಗಳ ನೆತ್ತಿ ದುಂಡಗಾಗಿತ್ತು. ಆ ಜೋಡಿಯನ್ನು ಬದಿಗಿಟ್ಟು ಬೇರೆ ತೆಗೆಸಿದ. ಎರಡನೆಯದರಲ್ಲಿ ಹಲ್ಲುಗಳ ಅಂಚು ಚೂಪಾಗಿತ್ತು, ಎರಕದಲ್ಲಿ ಗುಳ್ಳೆ ಇರಲಿಲ್ಲ. ಕಾಲು ಸೇರುವಲ್ಲಿ ಬೆಸುಗೆ ತುಂಡು ತುಂಡಾಗಿರದೆ ಉದ್ದಕ್ಕೂ ಓಡಿತ್ತು. ಕಂಬವನ್ನು ಅರ್ಧ ಎತ್ತಿ ಅಡ್ಡ ಅಲುಗಿಸಿದಾಗ ಸ್ವಲ್ಪ ಸಡಿಲ ಇತ್ತು, ಅಷ್ಟು ಇದ್ದೇ ಇರುತ್ತದೆ. ಅಂಗಡಿಯವರಿಗೆ ನಮ್ಮ ತಪಾಸಣೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ಎರಡನೇ ಪೆಟ್ಟಿಗೆ ಬಿಚ್ಚಿ ತೋರಿಸಿದರು.

ನೆಲ, ಒತ್ತುಗಲ್ಲು

ಗಾಡಿ ನಿಂತದ್ದು ಸಗಣಿ ಸಾರಿಸಿದ ಮಣ್ಣಿನಂಗಳದಲ್ಲಿ. ಅಲ್ಲೇ ಕೆಲಸ ಮಾಡಲು ನಾನು ಒಪ್ಪಲಿಲ್ಲ. ಸ್ಟ್ಯಾಂಡಿನ ನಾಲ್ಕು ಪಾದ ಸೇರಿ ನೆಲಕ್ಕೆ ತಾಗುವುದು ಸುಮಾರು 36 ಚದರ ಸೆಂ.ಮೀ. ಮಾತ್ರ. 350 ಕೆ.ಜಿ. ಅಂದರೆ ಚದರ ಸೆಂ.ಮೀ.ಗೆ 10 ಕೆ.ಜಿ. ಸುಮಾರು. ಮಳೆ ಕುಡಿದ ಮಣ್ಣು ಅದನ್ನು ತಡೆಯುವುದಿಲ್ಲ. ನಾಲ್ಕೂ ಪಾದ ಒಟ್ಟಿಗೆ ಇಳಿದರೆ ಹೇಗೋ ಆಯಿತು. ಒಂದೇ ಪಾದ ಇಳಿದರೆ ಸ್ಟ್ಯಾಂಡ್ ವಾಲುತ್ತದೆ.

ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಪಕ್ಕದಲ್ಲೇ ಇತ್ತು, ಆ ಕಾಲದಲ್ಲಿ ಖಾಲಿ. ಗಾಡಿಯನ್ನು ನಾಲ್ಕಾರು ಜನ ಸೇರಿ ತಳ್ಳಿ ಅಲ್ಲಿಗೆ ತಂದರು. ಆದರೆ ಅಂಥ ಅಂಗಳಗಳ ಕಾಂಕ್ರೀಟು ತೆಳು, ಅಡಿಯಲ್ಲಿ ಬರೀ ತುಂಬಿದ ಮಣ್ಣು. ಅಡಿಕೆ ಹರಡಲು ಹಾಕಿದ್ದು, ಗಾಡಿ ಎತ್ತಲು ಅಲ್ಲ. ಅದಕ್ಕೆ ಪ್ರತಿ ಸ್ಟ್ಯಾಂಡಿನ ಕೆಳಗೆ 40 ಸೆಂ.ಮೀ. ಚೌಕದ ಪ್ಲೈವುಡ್ ಎರಡು ಪದರ ಹಾಕಿದೆವು. ಒತ್ತಡ ಚದರ ಸೆಂ.ಮೀ.ಗೆ ಕಾಲು ಕೆ.ಜಿ.ಗೂ ಕೆಳಗೆ ಬಂತು. ಪ್ಲೈವುಡ್ಡಿನ ದಪ್ಪ 4 ಸೆಂ.ಮೀ. ಹತ್ತಿರ. 54ರಲ್ಲಿ 4 ಹೋಗಿ ಸ್ಟ್ಯಾಂಡಿನ ಪಾಲು 50. ಅರವತ್ತರವರೆಗೆ ಏರುವ ಕಂಬಕ್ಕೆ 50 ಅಂದರೆ ಇನ್ನೂ ಸಾಕಷ್ಟು ಭಾಗ ಒಳಗೇ ಉಳಿಯುತ್ತದೆ. ಕೊನೆಯ ಹಲ್ಲಿನವರೆಗೆ ಎಳೆದ ಕಂಬ ಜಾಸ್ತಿ ಅಲುಗುತ್ತದೆ. ಬುಡಕ್ಕೆ ಹಲಗೆ ಕೊಡುವುದು ಬೇರೆ, ತಲೆಗೆ ತುಂಡು ಇಡುವುದು ಬೇರೆ. ಬುಡದ ಹಲಗೆ ಸ್ಟ್ಯಾಂಡಿಗಿಂತ ಅಗಲ ಇರುವುದರಿಂದ ನಿಲುವು ಕೆಡುವುದಿಲ್ಲ.

ಮಗ ತನ್ನ ಸ್ನೇಹಿತನ ಟ್ರಾಲಿ ಜ್ಯಾಕ್ ತಂದಿದ್ದರು. ಅದನ್ನು ಬಳಸಲಿಲ್ಲ. ಟ್ರಾಲಿ ಜ್ಯಾಕಿನ ತೋಳು ಮೇಲೇರುವಾಗ ಕಮಾನಾಕಾರದಲ್ಲಿ ಸಾಗುತ್ತದೆ, ಅದಕ್ಕೆ ಸರಿಯಾಗಿ ಜ್ಯಾಕಿನ ಗಾಲಿ ನೆಲದ ಮೇಲೆ ಉರುಳಬೇಕು. ಒರಟು ನೆಲದಲ್ಲಿ ಗಾಲಿ ಸಿಕ್ಕಿಕೊಂಡರೆ ಜ್ಯಾಕು ಗಾಡಿಯನ್ನೇ ಎಳೆಯುತ್ತದೆ. ಬಾಟಲ್ ಜ್ಯಾಕು ನೇರ ಮೇಲೇಳುತ್ತದೆ, ಹಲಗೆಯ ಮೇಲೆ ಇಟ್ಟರೆ ಸಾಕು.

ಇನ್ನು ಚಕ್ರಕ್ಕೆ ಒತ್ತು ಕೊಡುವುದು. ಯಜಮಾನರು ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ಇನ್ನೇನು ಅಂತ ನಿಂತಿದ್ದರು. ಆ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರು ಹಿಡಿಯುವುದೂ ಹಿಂದಿನ ಚಕ್ರಗಳನ್ನೇ. ಎರಡೂ ಗಾಳಿಯಲ್ಲಿದ್ದ ಮೇಲೆ ಆ ಎರಡೂ ಇದ್ದೂ ಇಲ್ಲದ ಹಾಗೆ. ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ತಡೆಯುವುದು ಒತ್ತು ಮಾತ್ರ. ಹಳೇ ವಿಲ್ಲಿಸ್ ಮಾದರಿಯ ಜೀಪು ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದರಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಹಿಂದಿನ ಒಂದೇ ಚಕ್ರ ಎತ್ತಿದರೂ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರು) ಮೂಲಕ ಎತ್ತಿದ ಚಕ್ರ ತಿರುಗಿ, ನೆಲದ ಚಕ್ರ ಉರುಳಿಬಿಡುತ್ತದೆ. ಅಂಗಳದ ನೀರು ಹರಿದುಹೋಗಲು ಕೊಟ್ಟ ಸಣ್ಣ ವಾಟವೇ ಅದಕ್ಕೆ ಸಾಕು. ನಾವು ಎರಡೂ ಮುಂದಿನ ಚಕ್ರಗಳ ಹಿಂದೆ ಮುಂದೆ ಇಳಿಜಾರಾಗಿ ಕೊಯ್ದ ಮರದ ಒತ್ತು ಕೊಟ್ಟೆವು.

ಕೆಲಸದ ದಿನ

ಮೆಕ್ಯಾನಿಕ್ ಬಂದರು, ಸ್ಟ್ಯಾಂಡ್ ನೋಡಿದರು, ಏನೂ ಹೇಳಲಿಲ್ಲ. ಅವರ ಮಟ್ಟಿಗೆ ಅದು ಒಪ್ಪಿಗೆ. ಚಾಸಿಸ್ಸಿನ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಎತ್ತಿ, ಪ್ರತಿ ಸಲ ಸ್ಟ್ಯಾಂಡಿನ ಕಂಬ ಏರಿಸುತ್ತಾ ಬಂದರು. ಒಂದೇ ಬದಿ ಪೂರ್ತಿ ಎತ್ತಿದರೆ ಇನ್ನೊಂದು ಬದಿಯ ಸ್ಟ್ಯಾಂಡ್ ವಾಲುತ್ತದೆ. ಬೇಕಾದ ಎತ್ತರ ಬಂದ ಮೇಲೆ ಹಿಡಿಕೆಯನ್ನು ಕೈಯಿಂದ ಕೆಳಗೆ ಒತ್ತಿ, ಕಂಬದ ತಲೆಗೆ ಸುತ್ತಿಗೆಯ ಹಿಡಿಯಿಂದ ಒಂದೆರಡು ಪೆಟ್ಟು ಕೊಟ್ಟರು. ಹಲ್ಲು ಅರ್ಧ ಕೂತಿದ್ದರೆ ಇಲ್ಲೇ ಜಾರುತ್ತದೆ. ಆಮೇಲೆ ಅಡ್ಡಪಿನ್, ಆಮೇಲೆ ಜ್ಯಾಕಿನ ವಾಲ್ವ್ ನಿಧಾನವಾಗಿ ಬಿಟ್ಟು ಭಾರ ಇಳಿಸುವುದು. ಬಾಡಿಗೆ ಕೈ ಕೊಟ್ಟು ಜೋರಾಗಿ ಅಲುಗಿಸಿದರು. ಸ್ಟ್ಯಾಂಡ್ ಕದಲಲಿಲ್ಲ. ಬಿಚ್ಚಿದ ಎರಡೂ ಚಕ್ರ ಚಾಸಿಸ್ ಕೆಳಗೆ ಮಲಗಿದವು. ಆಕ್ಸಲ್ ಕೆಳಗೆ ಬಾಟಲ್ ಜ್ಯಾಕು ಹೋಯಿತು.

ಶಾಕಲ್ ಪಿನ್ನು ನಿರೀಕ್ಷಿಸಿದ ಹಾಗೆ ತುಕ್ಕಿನಲ್ಲಿ ಅಂಟಿತ್ತು. ಮಲೆನಾಡಿನ ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಅದು ಸುಲಭಕ್ಕೆ ಬಂದರೆ ಆಶ್ಚರ್ಯ. ಡೀಸೆಲ್ ಬಿಟ್ಟು, ಹೊಡೆದು, ಮತ್ತೆ ಹೊಡೆದು ತೆಗೆದರು. ಸ್ಟ್ಯಾಂಡಿಗೆ ನಿಜವಾದ ಪರೀಕ್ಷೆ ಅದೇ. ಆ ಹೊತ್ತಿಗೆ ಪ್ಲೈವುಡ್ಡಿನ ಮೇಲೆ ಪಾದಗಳ ಗುರುತು ಸಣ್ಣಗೆ ಒತ್ತಿಕೊಂಡಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಬದಿಯ ಕಮಾನು ಬದಲಾಗಿತ್ತು. ಒಂದೇ ಬದಿ ಬದಲಿಸಿದರೆ ಗಾಡಿ ವಾಲುತ್ತದೆ ಅಂತ ಮೆಕ್ಯಾನಿಕ್ ಪಟ್ಟು ಹಿಡಿದರು, ಅದೂ ಸರಿಯೇ. ಹೊಸ ಯು ಬೋಲ್ಟುಗಳನ್ನು ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಲು ಹೇಳಿ ಹೋದರು.

ಕಾರಿಗೂ ಇದೇ ಆಗುತ್ತದಾ?

ಮಗನಿಗೆ ಆಲ್ಟೊ ಇದೆ. ಇನ್ನು ಮೇಲೆ ಅದರ ಆಯಿಲ್ಲೂ ತಾನೇ ಬದಲಿಸುತ್ತೇನೆ, ಹೇಗೂ 6 ಟನ್ ಸ್ಟ್ಯಾಂಡ್ ಬಂತಲ್ಲ ಅಂದರು. ಆಗುವುದಿಲ್ಲ ಅಂದೆ. ಆ ಸ್ಟ್ಯಾಂಡನ್ನು ಪೂರ್ತಿ ಇಳಿಸಿದರೂ ಅದು 39 ಸೆಂ.ಮೀ. ಎತ್ತರ. ಆಲ್ಟೊದ ಬಾಗಿಲ ಕೆಳಗಿನ ಅಂಚು ಅದರ ಅರ್ಧದಷ್ಟು ಎತ್ತರದಲ್ಲಿದೆ. ಸ್ಟ್ಯಾಂಡ್ ಒಳಗೆ ಹೋಗಬೇಕಾದರೆ ಕಾರನ್ನು ಬೇಡದಷ್ಟು ಎತ್ತಬೇಕು, ಒಂದು ಕಡೆ ಅಷ್ಟು ಎತ್ತಿದ ಕಾರು ಇನ್ನೊಂದು ಕಡೆಗೆ ಜಾರಲು ಸಿದ್ಧವಾಗಿರುತ್ತದೆ. ಮೇಲಾಗಿ ಆಲ್ಟೊಗೆ ಬೊಲೆರೊದಂಥ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ. ಕಂಪನಿ ಗುರುತು ಮಾಡಿದ ಜಾಗ ಬಿಟ್ಟು ಬೇರೆಡೆ ಸ್ಟ್ಯಾಂಡ್ ಇಟ್ಟರೆ ತಗಡು ಒಳಗೆ ಹೋಗುತ್ತದೆ. ಆ ಜಾಗದಲ್ಲಿರುವುದೂ ತೆಳುವಾದ ಬೆಸುಗೆ ಅಂಚು. ಅದು ಕೂರಲು ನಡುವೆ ಸೀಳು ಬಿಟ್ಟ ರಬ್ಬರ್ ಪ್ಯಾಡ್ ಬೇಕು.

ಅವರಿಗೆ 2 ಟನ್ನಿನ ಗಿಡ್ಡ ಜೋಡಿ ಬೇರೆ ಕೊಳ್ಳಲು ಹೇಳಿದ್ದೇನೆ. ರಬ್ಬರ್ ಪ್ಯಾಡ್ ಆಟೋ ಕಾಂಪ್ಲೆಕ್ಸಿನಲ್ಲಿ ಸಿಕ್ಕಿತು, ಸ್ಟ್ಯಾಂಡ್ ಇನ್ನೂ ತಗೊಂಡಿಲ್ಲ. ಬೊಲೆರೊದ ಮುಂದಿನ ಕೆಲಸ ಕ್ಲಚ್ ಪ್ಲೇಟ್ ಅಂತೆ. ಅದಕ್ಕೆ ಗೇರ್‌ಬಾಕ್ಸ್ ಕೆಳಗಿಳಿಸಿ ಪಕ್ಕಕ್ಕೆ ಎಳೆಯುವಷ್ಟು ಜಾಗ ಬೇಕು, ಮುಂಭಾಗವನ್ನೂ ಎತ್ತಬೇಕು. ಅಂದರೆ ಇದೇ ಎತ್ತರದ ಸ್ಟ್ಯಾಂಡು ಇನ್ನೊಂದು ಜೋಡಿ.